ಹನ್ನೆರಡು ವರ್ಷದ ಹುಡುಗಿ, ಹನ್ನೆರಡು ವರ್ಷದ ರೋಗ

ಸಾವಿನ ಮನೆಗೆ ಹೋದಾಗ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. ಹತ್ತಾರು ವರ್ಷ ಸಕ್ಕರೆ ಕಾಯಿಲೆ, ಆಮೇಲೆ ಮೂತ್ರಪಿಂಡದ ತೊಂದರೆ, ಕೊನೆಗೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಎಂದು ಬಳಲಿದವರು ತೀರಿಕೊಂಡರೆ, ಅಂಗಳದಲ್ಲಿ ಕುಳಿತವರು ತಗ್ಗಿದ ದನಿಯಲ್ಲಿ, "ಪಾಪ, ಬಿಡುಗಡೆಯಾಯಿತು. ಮನೆಯವರಿಗೂ ಒಂದು ಬಗೆಯ ಬಿಡುಗಡೆಯೇ" ಎನ್ನುತ್ತಾರೆ. ಪ್ರಾಯ ಸಂದವರು ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳದಿದ್ದರೆ, "ಪುಣ್ಯವಂತರು, ಯಾರಿಗೂ ಕಷ್ಟ ಕೊಡಲಿಲ್ಲ" ಎನ್ನುತ್ತಾರೆ. ಆದರೆ ಮೂವತ್ತು ತುಂಬದ ಹುಡುಗನೊಬ್ಬ ಆಟದ ಮೈದಾನದಲ್ಲಿ ಕುಸಿದು ಬಿದ್ದು ಪೆಟ್ಟಿಗೆಯಲ್ಲಿ ಮನೆಗೆ ಬಂದಾಗ ಈ ಎರಡು ಮಾತುಗಳೂ ಬಾಯಿಯಿಂದ ಹೊರಡುವುದಿಲ್ಲ. ಆಗ ಮೌನ. ಆ ಮೌನ ಗೇಟಿನ ತನಕ ಮಾತ್ರ. ಗೇಟು ದಾಟಿದ ಮೇಲೆ ಪಿಸುಮಾತು ಶುರುವಾಗುತ್ತದೆ: ಕುಡಿಯುತ್ತಿದ್ದನೇ? ಜಿಮ್ಮಿಗೆ ಹೋಗುತ್ತಿದ್ದನೇ? ಕೊರೊನಾ ಲಸಿಕೆ ಎಷ್ಟು ಸಲ ತೆಗೆದುಕೊಂಡಿದ್ದ?

ನಮ್ಮ ಅಜ್ಜ ಅಜ್ಜಿಯರ ಕಾಲದ ಪ್ರಾರ್ಥನೆಗಳನ್ನು ನೆನಪಿಸಿಕೊಳ್ಳಿ. ಹಠಾತ್ತಾಗಿ, ಸಿದ್ಧತೆಯಿಲ್ಲದೆ ಬರುವ ಮರಣದಿಂದ ತಮ್ಮನ್ನು ತಪ್ಪಿಸಬೇಕೆಂದು ಅವರು ಸಂತರ ಮಾಲೆಯಲ್ಲಿ ದೇವರನ್ನು ಬೇಡುತ್ತಿದ್ದರು. ಒಳ್ಳೆಯ ಮರಣದ ಪಾಲಕನೆಂದು ಸಂತ ಜೋಸೆಫರಿಗೆ ಮೊರೆಯಿಡುತ್ತಿದ್ದರು. ಒಳ್ಳೆಯ ಮರಣ ಎಂದರೆ ಅವರಿಗೆ ಗುರುಗಳು ಬಂದು, ಪಾಪನಿವೇದನೆಯಾಗಿ, ಪರಮಪ್ರಸಾದ ಸ್ವೀಕರಿಸಿ, ಮಕ್ಕಳು ಮೊಮ್ಮಕ್ಕಳು ಮಂಚದ ಸುತ್ತ ನಿಂತಿರುವಾಗ ಬರುವ ಮರಣ. ಇಂದು ನಾವು ಬೇಡುವುದು ಅದಕ್ಕೆ ತೀರಾ ವಿರುದ್ಧವಾದುದನ್ನು. "ಒಂದೇ ಏಟಿಗೆ ಹೋಗಬೇಕು, ಮಲಗಿ ಕೊಳೆಯಬಾರದು" ಎಂಬುದೇ ಈಗಿನ ಹಿರಿಯರ ಪ್ರಾರ್ಥನೆ. ಇದು ಬರೇ ಭಕ್ತಿ ಕಡಿಮೆಯಾದುದರ ಗುರುತೆಂದು ನನಗೆ ಅನಿಸುವುದಿಲ್ಲ. ಅವರಿಗೆ ತೀರ್ಪಿನ ಭಯವಿತ್ತು, ನಮಗೆ ಬಿಲ್ಲಿನ ಭಯವಿದೆ. ಮಕ್ಕಳಿಗೆ ಹೊರೆಯಾಗುವುದಕ್ಕಿಂತ ಹಠಾತ್ತಾಗಿ ಸಾಯುವುದೇ ಮೇಲು ಎಂದು ಒಬ್ಬ ತಾಯಿ ಹೇಳುವಾಗ ಅವಳು ತತ್ವಜ್ಞಾನ ಮಾತಾಡುತ್ತಿಲ್ಲ, ಲೆಕ್ಕ ಹಾಕುತ್ತಿದ್ದಾಳೆ.

ಈ ಎರಡು ಸಾವುಗಳನ್ನು, ಎಂದರೆ ಎಳೆಯ ಪ್ರಾಯದ ಹಠಾತ್ ಸಾವನ್ನೂ ಕೂಡಿಟ್ಟ ಹಣವನ್ನೆಲ್ಲ ತಿಂದು ಮುಗಿಸುವ ದೀರ್ಘರೋಗವನ್ನೂ, ಒಂದೇ ಕಥೆಯೊಳಗೆ ಹೆಣೆದವನು ಸಂತ ಮಾರ್ಕ. ಅವನ ಶುಭಸಂದೇಶದ 5ನೇ ಅಧ್ಯಾಯವನ್ನು ನಾವು ಎಷ್ಟೋ ಭಾನುವಾರಗಳಲ್ಲಿ ಕೇಳಿದ್ದೇವೆ. ಪ್ರಾರ್ಥನಾಮಂದಿರದ ಅಧಿಕಾರಿ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಅವಳ ಪ್ರಾಯ ಹನ್ನೆರಡು. ಯೇಸುಸ್ವಾಮಿ ಅವನ ಜೊತೆ ಹೊರಟಿದ್ದಾರೆ, ಜನ ಮುತ್ತಿಕೊಂಡಿದ್ದಾರೆ, ಎಲ್ಲರಿಗೂ ಅವಸರ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಬಂದು ಅವರ ಉಡುಪನ್ನು ಮುಟ್ಟುತ್ತಾಳೆ. ಅವಳಿಗೆ ರಕ್ತಸ್ರಾವ ಆರಂಭವಾಗಿ ಹನ್ನೆರಡು ವರ್ಷ. ಹುಡುಗಿ ಹುಟ್ಟಿದ ವರ್ಷವೇ ಇವಳ ರೋಗವೂ ಹುಟ್ಟಿತು ಎಂದ ಹಾಗಾಯಿತು. ಹಲವಾರು ವೈದ್ಯರ ಕೈಯಲ್ಲಿ ಕಷ್ಟಪಟ್ಟು, ಇದ್ದುದನ್ನೆಲ್ಲ ಖರ್ಚು ಮಾಡಿ, ಗುಣವಾಗುವ ಬದಲು ಇನ್ನೂ ಕೆಟ್ಟಿತ್ತು ಎಂದು ಮಾರ್ಕ ಬಿಚ್ಚಿ ಹೇಳುತ್ತಾನೆ. ಶುಭಸಂದೇಶದಲ್ಲಿ ಔಷಧದ ಖರ್ಚಿನ ಸುದ್ದಿ ಇಷ್ಟು ನೇರವಾಗಿ ಬರುವುದು ಇಲ್ಲಿಯೇ. ಸಂತ ಲೂಕ ಸ್ವತಃ ವೈದ್ಯನೆಂಬ ಪ್ರತೀತಿಯಿದೆ. ಅವನು ಇದೇ ಕಥೆಯನ್ನು ಹೇಳುವಾಗ ವೈದ್ಯರ ಮೇಲಿನ ದೂರನ್ನು ಸ್ವಲ್ಪ ಮೆತ್ತಗೆ ಮಾಡಿದ್ದಾನೆ ಎಂದು ಪಂಡಿತರು ಮುಗುಳ್ನಗುವುದುಂಟು.

ನನ್ನ ಗಮನ ಸೆಳೆಯುವುದು ಆ ದಾರಿಯ ನಿಲುಗಡೆ. ಒಂದು ಕಡೆ ಸಾಯುತ್ತಿರುವ ಮಗು, ಇನ್ನೊಂದು ಕಡೆ ಹನ್ನೆರಡು ವರ್ಷ ಕಾದವಳು. ಇನ್ನು ಅರ್ಧ ಗಂಟೆ ಕಾದರೆ ಅವಳಿಗೇನೂ ಆಗುತ್ತಿರಲಿಲ್ಲ. ನಮ್ಮ ಯಾವ ಆಸ್ಪತ್ರೆಯ ತುರ್ತು ವಿಭಾಗವೂ ಅವಳನ್ನು ಹೊರಗೆ ಕೂರಿಸುತ್ತಿತ್ತು, ಹಾಗೆ ಕೂರಿಸುವುದು ತಪ್ಪೂ ಅಲ್ಲ. ಆದರೆ ಯೇಸುಸ್ವಾಮಿ ನಿಂತರು, ಅವಳು ಯಾರೆಂದು ಕೇಳಿದರು, ಅವಳ ಪೂರ್ತಿ ಕಥೆಯನ್ನು ಕೇಳಿಸಿಕೊಂಡರು.

2025ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಹಾಸನ ಜಿಲ್ಲೆಯಿಂದ ಬಂದ ಸುದ್ದಿಗಳನ್ನು ಯಾರೂ ಮರೆತಿರಲಾರರು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಯುವಕ ಯುವತಿಯರು, ಹೃದಯಾಘಾತದಿಂದ ಸತ್ತರು ಎಂಬ ವಾರ್ತೆ ದಿನಕ್ಕೊಂದು ಹೆಸರು ಸೇರಿಸುತ್ತ ಬೆಳೆಯಿತು. ಮೈಸೂರಿನ ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಸರ್ಕಾರ ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವೇ ಆಗಿರಲಿಲ್ಲ. ಉಳಿದ 20ರಲ್ಲಿ ಖಚಿತವಾಗಿ ಹೃದ್ರೋಗದ್ದೆಂದು ಹೇಳಬಹುದಾದವು ಅರ್ಧದಷ್ಟು, ಮಿಕ್ಕವು ಹಾಗಿರಬಹುದೆಂದು ಊಹಿಸಬೇಕಾದವು. ವದಂತಿ ಹೇಳಿದಷ್ಟು ಅಸಹಜವಾದ ಏರಿಕೆಯೂ ಕಾಣಲಿಲ್ಲ, ಲಸಿಕೆಯ ನಂಟೂ ಕಾಣಲಿಲ್ಲ.

ಲಸಿಕೆಯ ಮಾತನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆಗಲೇ ಪರೀಕ್ಷಿಸಿತ್ತು. 2021ರ ಅಕ್ಟೋಬರಿನಿಂದ 2023ರ ಮಾರ್ಚ್‌ವರೆಗೆ, ನೋಡಲು ಆರೋಗ್ಯವಾಗಿದ್ದು ಹಠಾತ್ತಾಗಿ ಸತ್ತ 18ರಿಂದ 45 ವರ್ಷದವರ ವಿವರಗಳನ್ನು 19 ರಾಜ್ಯಗಳ 47 ಆಸ್ಪತ್ರೆಗಳಿಂದ ಕಲೆಹಾಕಿ, ಅದೇ ಪ್ರಾಯದ ಬದುಕಿರುವವರೊಡನೆ ಹೋಲಿಸಿ ನೋಡಿದರು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹೆಚ್ಚಿಸಿದವು ಬೇರೆ: ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದುದು, ಮನೆತನದಲ್ಲಿ ಹಿಂದೆ ಹಠಾತ್ ಸಾವು ಆಗಿದ್ದುದು, ಸಾಯುವ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು ಸೇವಿಸಿದ್ದು ಅಥವಾ ಕಠಿಣ ದೇಹಶ್ರಮ ಮಾಡಿದ್ದು.

ಇದನ್ನು ಓದಿ ಕೂಡಲೇ, "ನೋಡಿ, ಕುಡಿದದ್ದಕ್ಕೆ ಸತ್ತ" ಎಂದು ತೀರ್ಪು ಕೊಡುವವರಿಗೆ ಲೂಕನ 13ನೇ ಅಧ್ಯಾಯವಿದೆ. ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತಾಗ ಜೆರುಸಲೇಮಿನವರು ಹುಡುಕಿದ್ದೂ ಸತ್ತವರ ತಪ್ಪನ್ನೇ. ಆ 18 ಮಂದಿ ಊರಿನ ಮಿಕ್ಕವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ ಎಂದು ಸ್ವಾಮಿ ಖಡಾಖಂಡಿತವಾಗಿ ಹೇಳಿದರು. ತನಿಖೆಗೂ ತೀರ್ಪಿಗೂ ವ್ಯತ್ಯಾಸವಿದೆ. ಗೋಪುರ ಏಕೆ ಬಿತ್ತೆಂದು ಕೇಳುವುದು ತನಿಖೆ, ಅದರಡಿ ನಿಂತವನು ಎಂಥವನೆಂದು ಕೇಳುವುದು ತೀರ್ಪು. ಹೆತ್ತವರ ಮುಂದೆ ನಾವು ಮಾಡುವುದು ಹೆಚ್ಚಾಗಿ ಎರಡನೆಯದನ್ನು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ನಾಡು ಅವರ ವ್ಯಾಯಾಮವನ್ನು ವಿಚಾರಣೆಗೆ ಎಳೆದದ್ದನ್ನು ಕಂಡಿದ್ದೇವೆ. ಅತಿ ಶಿಸ್ತಿನ ಮನುಷ್ಯನಿಗೂ ಇದು ಬಂತಲ್ಲ ಎಂಬ ಭಯವನ್ನು ನುಂಗಲಾರದೆ ಜನ ಶಿಸ್ತನ್ನೇ ದೂರಿದರು.

ಹಾಗಾದರೆ ಗೋಪುರ ಏಕೆ ಬೀಳುತ್ತದೆ? ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಅಲ್ಲ. ಮೊದಲನೆಯದು ಪೈಪು ಕಟ್ಟಿಕೊಂಡ ಹಾಗೆ: ಹೃದಯಕ್ಕೇ ರಕ್ತ ಕೊಡುವ ನಾಳ ಮುಚ್ಚಿ ಸ್ನಾಯು ಸಾಯತೊಡಗುತ್ತದೆ. ಎದೆನೋವು, ಬೆವರು, ಎಡಗೈ ಅಥವಾ ದವಡೆಯ ಸೆಳೆತ ಇರುತ್ತದೆ, ಮನುಷ್ಯನಿಗೆ ಎಚ್ಚರವಿರುತ್ತದೆ, ಆಸ್ಪತ್ರೆ ಸೇರಲು ಸ್ವಲ್ಪ ಸಮಯವೂ ಇರುತ್ತದೆ. ಎರಡನೆಯದು ಕರೆಂಟು ಕೆಟ್ಟ ಹಾಗೆ: ಹೃದಯದ ವಿದ್ಯುತ್ ಲಯ ಗೊಂದಲಕ್ಕೆ ಬಿದ್ದು ಅದು ಬಡಿಯುವ ಬದಲು ಬರೇ ಅದುರುತ್ತದೆ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ. ನಾಲ್ಕಾರು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ.

35 ದಾಟಿದವರಲ್ಲಿ ಈ ಸ್ತಂಭನದ ಹಿಂದೆ ಬಹುತೇಕ ಇರುವುದು ಹಳೆಯ ಪರಿಚಿತರೇ: ರಕ್ತದೊತ್ತಡ, ಸಕ್ಕರೆ, ಕೊಬ್ಬು, ತಂಬಾಕು. ಅಂದರೆ ನಾವು ಹಠಾತ್ ಎನ್ನುವುದು ಎಷ್ಟೋ ಸಲ ಹಠಾತ್ ಅಲ್ಲ, ಹತ್ತು ಹದಿನೈದು ವರ್ಷಗಳಿಂದ ಸದ್ದಿಲ್ಲದೆ ಇದ್ದ ದೀರ್ಘರೋಗದ ಕೊನೆಯ ದಿನ. ಅದಕ್ಕಿಂತ ಕಿರಿಯರಲ್ಲಿ ಕಾರಣಗಳು ಹೆಚ್ಚಾಗಿ ಬೇರೆ: ಹೃದಯದ ಸ್ನಾಯು ದಪ್ಪಗಾಗುವ ವಂಶಪಾರಂಪರ್ಯದ ರೋಗ, ವಿದ್ಯುತ್ ಲಯದ ಜನ್ಮಜಾತ ದೋಷ, ಹೃದಯದ ರಕ್ತನಾಳ ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟಿರುವುದು, ವೈರಸ್ ಜ್ವರದ ಬೆನ್ನಿಗೆ ಸ್ನಾಯು ಊದಿಕೊಳ್ಳುವುದು. ಸ್ನಾಯು ರೋಗಕ್ಕೆ ಸಂಬಂಧಪಟ್ಟ ಒಂದು ವಂಶವಾಹಿ ದೋಷ ನಮ್ಮ ಉಪಖಂಡದ ಜನರಲ್ಲಿ ನೂರಕ್ಕೆ ನಾಲ್ವರಷ್ಟು ಮಂದಿಯಲ್ಲಿದೆ ಎಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದನ್ನು ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ, ಹೆಚ್ಚಿನವರು ನೆಮ್ಮದಿಯಿಂದ ಮುಪ್ಪಾಗುತ್ತಾರೆ. ಇಟಲಿ ದೇಶ 1982ರಿಂದ ಕ್ರೀಡಾಪಟುಗಳಿಗೆ ಇಸಿಜಿ ಸಹಿತ ತಪಾಸಣೆಯನ್ನು ಕಡ್ಡಾಯ ಮಾಡಿದ ಮೇಲೆ ವೆನೆಟೊ ಪ್ರಾಂತ್ಯದ ಎಳೆಯ ಆಟಗಾರರ ಹಠಾತ್ ಸಾವು ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇಳಿಯಿತು. ನಮ್ಮ ಧರ್ಮಕೇಂದ್ರಗಳ ಯುವಜನರು ವರ್ಷವಿಡೀ ವಾಲಿಬಾಲ್, ಕ್ರಿಕೆಟ್, ಹಗ್ಗಜಗ್ಗಾಟದ ಪಂದ್ಯಾಟ ನಡೆಸುತ್ತಾರೆ. ಟ್ರೋಫಿಯ ಎತ್ತರದ ಬಗ್ಗೆ ನಡೆಯುವ ಚರ್ಚೆಯ ಹತ್ತನೇ ಒಂದು ಪಾಲು ಇದರ ಬಗ್ಗೆ ನಡೆದರೆ ಸಾಕಿತ್ತು.

2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಪಂದ್ಯದ ನಡುವೆ ಕುಸಿದರು. ಮೈದಾನದಲ್ಲೇ ಎದೆ ಒತ್ತಿದರು, ವಿದ್ಯುತ್ ಆಘಾತ ಕೊಟ್ಟರು. ಮರುವರ್ಷ ಅವರು ಮತ್ತೆ ಆಡಿದರು. ನಮ್ಮಲ್ಲಿ ಪೂಜೆಯ ನಡುವೆ ಒಬ್ಬರು ಬಿದ್ದರೆ ಏನಾಗುತ್ತದೆ? ಮುಖಕ್ಕೆ ನೀರು ಚಿಮುಕಿಸುತ್ತೇವೆ, ಕೈಗೆ ಕಬ್ಬಿಣದ ಬೀಗದಕೈ ಕೊಡುತ್ತೇವೆ, ಬಾಯಿಗೆ ನೀರು ಹಾಕುತ್ತೇವೆ, ಸುತ್ತ ನಿಂತು ಗಾಳಿ ತಡೆಯುತ್ತೇವೆ. ಉಸಿರಿಲ್ಲದೆ, ಕರೆದರೆ ಓಗೊಡದೆ ಬಿದ್ದವರ ಎದೆಯ ನಡುವೆ ಎರಡು ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತುತ್ತಲೇ ಇರಬೇಕು. ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ಇದನ್ನು ಅರ್ಧ ದಿನದಲ್ಲಿ ಕಲಿಸುವವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಮಂಗಳೂರಿನಷ್ಟು ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಿರುವ ಪಟ್ಟಣದಲ್ಲಿ ಒಂದು ವಾರ್ಡಿಗೆ ಹತ್ತು ಮಂದಿಯಾದರೂ ಇದನ್ನು ತಿಳಿದಿಲ್ಲವೆಂದರೆ ಅದನ್ನು ದೇವರ ಚಿತ್ತವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಇಷ್ಟು ಯಾಯೀರನ ಮಗಳ ಮಾತು. ಈಗ ಆ ಹೆಂಗಸಿನ ಕಡೆ ತಿರುಗೋಣ. ಅವಳ ಮಾತು ಉದ್ದವಾಗುತ್ತದೆ, ಏಕೆಂದರೆ ಅವಳ ರೋಗವೂ ಉದ್ದ.

ಕೊಡಿಯಾಲ್‌ಬೈಲಿನ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಗೆ ನಿಂತು ನೋಡಿ. ಬಿಷಪರ ನಿವಾಸದ ಕಡೆ ಹೋಗುವವರು, ಕೋರ್ಟಿಗೆ ಹೊರಟ ಕಪ್ಪು ಕೋಟಿನವರು, ಕಾಲೇಜಿನ ಮಕ್ಕಳು. ಅವರ ನಡುವೆ ಬಂಟ್ವಾಳ, ಪುತ್ತೂರು, ಕಾಸರಗೋಡಿನ ಕಡೆಯ ಬಸ್ಸಿನಿಂದ ಇಳಿದು ಬಂದ ಇನ್ನೊಂದು ಬಗೆಯ ಜನ: ಕಂಕುಳಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ, ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆಯ ಚೀಟಿಗಳು. ಇವರು ಆಸ್ಪತ್ರೆಗೆ ಸೇರುವವರಲ್ಲ, ತಿಂಗಳಿಗೊಮ್ಮೆ ತೋರಿಸಿಕೊಂಡು ಮಾತ್ರೆ ಕೊಂಡು ಹೋಗುವವರು. ಔಷಧದ ಅಂಗಡಿಯಲ್ಲಿ ಇವರು ಕೇಳುವ ಒಂದು ಪ್ರಶ್ನೆ ನೀವೂ ಕೇಳಿರುತ್ತೀರಿ: "ತಿಂಗಳಿಗೆ ಬರೆದಿದ್ದಾರೆ, ಸದ್ಯಕ್ಕೆ ಹತ್ತು ದಿನದ್ದು ಕೊಡಿ."

ಆ ಹತ್ತು ದಿನದ ಮಾತ್ರೆ ಮನೆಗೆ ಹೋದ ಮೇಲೆ ಇಪ್ಪತ್ತು ದಿನ ಬರುತ್ತದೆ. ದಿನ ಬಿಟ್ಟು ದಿನ ನುಂಗುವುದು, ಅರ್ಧ ಮುರಿದು ನುಂಗುವುದು. ಹೀಗೆ ಮಾಡುವವರಲ್ಲಿ ಹೆಚ್ಚಿನವರು ತಾಯಂದಿರು. ಮಗಳ ಫೀಸು ಕಟ್ಟಬೇಕು, ಗಂಡನ ಮಾತ್ರೆ ತಪ್ಪಬಾರದು, ತನ್ನದು ಹೇಗೂ ನಡೆಯುತ್ತದೆ. ಕೇಳಿದರೆ, "ನನಗೇನೂ ಆಗುವುದಿಲ್ಲ" ಎನ್ನುತ್ತಾಳೆ. ಇದು ಪಾಪವೇ, ತ್ಯಾಗವೇ? ಧರ್ಮಬೋಧನೆಯಲ್ಲಿ ನಾವು ತಾಯಿಯ ತ್ಯಾಗವನ್ನು ಎಷ್ಟು ಹೊಗಳಿದ್ದೇವೆಂದರೆ ಈ ಪ್ರಶ್ನೆ ಕೇಳುವುದಕ್ಕೇ ಮುಜುಗರವಾಗುತ್ತದೆ.

ಧರ್ಮಸಭೆ ಈ ವಿಷಯದಲ್ಲಿ ನಾವು ಊಹಿಸುವಷ್ಟು ಕಠಿಣವಾಗಿಲ್ಲ. 12ನೇ ಪಿಯುಸ್ ಜಗದ್ಗುರುಗಳು 1957ರ ನವೆಂಬರ್ 24ರಂದು ಅರಿವಳಿಕೆ ವೈದ್ಯರೊಡನೆ ಮಾತಾಡುತ್ತ ಒಂದು ಗೆರೆ ಎಳೆದರು. ಜೀವ ಉಳಿಸಲು ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ. ತನಗೋ ಇತರರಿಗೋ ವಿಪರೀತ ಹೊರೆಯಾಗುವ ಅಸಾಮಾನ್ಯ ಉಪಾಯಗಳನ್ನು ಬಳಸಲೇಬೇಕೆಂಬ ಕಟ್ಟಳೆಯಿಲ್ಲ. ಯಾವುದು ಸಾಮಾನ್ಯ ಎಂಬುದು ಆ ಮನುಷ್ಯನ ಸ್ಥಿತಿ, ಊರು, ಕಾಲಗಳಿಗೆ ತಕ್ಕಂತೆ ಬದಲಾಗುತ್ತದೆ. 1980ರಲ್ಲಿ ರೋಮಿನ ವಿಶ್ವಾಸ ಬೋಧನಾ ಮಂಡಳಿ ದಯಾಮರಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಇನ್ನೂ ಬಿಡಿಸಿ ಹೇಳಿದೆ: ಕುಟುಂಬದ ಮೇಲೆ ಅತಿಯಾದ ಖರ್ಚನ್ನು ಹೊರಿಸಬಾರದೆಂಬ ಬಯಕೆಯೂ ಒಂದು ಚಿಕಿತ್ಸೆಯನ್ನು ನಿರಾಕರಿಸಲು ನ್ಯಾಯವಾದ ಕಾರಣವಾಗಬಹುದು, ಅದು ಆತ್ಮಹತ್ಯೆಗೆ ಸಮವಲ್ಲ. 1992ರ ಕಥೋಲಿಕ ಧರ್ಮೋಪದೇಶದ 2278ನೇ ಪರಿಚ್ಛೇದವೂ ಇದೇ ದಾರಿಯಲ್ಲಿದೆ.

ಹಾಗಾದರೆ 82 ವರ್ಷದ ಅಜ್ಜಿ, "ನನಗೆ ಲಕ್ಷಗಟ್ಟಲೆಯ ಆಪರೇಷನ್ ಬೇಡ, ತೋಟ ಮಾರಬೇಡಿ, ಗುರುಗಳನ್ನು ಕರೆಯಿರಿ" ಎಂದರೆ ಮಕ್ಕಳು ಪಾಪಭೀತಿಯಿಂದ ಅವರನ್ನು ಎಳೆದೊಯ್ಯಬೇಕಾಗಿಲ್ಲ. ಇದನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಹೇಳಬೇಕಾಗಿದೆ. ವಿದೇಶದಲ್ಲಿರುವ ಮಗನ ತೃಪ್ತಿಗಾಗಿ, ಸಂಬಂಧಿಕರು ಏನೆಂದಾರು ಎಂಬ ಅಂಜಿಕೆಗಾಗಿ ಕೊನೆಯ ಹತ್ತು ದಿನವನ್ನು ಐಸಿಯುವಿನಲ್ಲಿ ಕಳೆಯಿಸಿ ಸಾಲ ಹೊತ್ತ ಮನೆಗಳಿವೆ. ಅಲ್ಲಿ ಸೋತದ್ದು ರೋಗಿಯ ಬಯಕೆ.

ಆದರೆ ಅರ್ಧ ಮಾತ್ರೆಯ ತಾಯಿಯ ಪ್ರಶ್ನೆ ಅದಲ್ಲ. ಅವಳಿಗೆ ಐವತ್ತೆರಡು ಎಂದಿಟ್ಟುಕೊಳ್ಳಿ. ರಕ್ತದೊತ್ತಡದ ಒಂದು ಮಾತ್ರೆ, ಸಕ್ಕರೆಯ ಒಂದು ಮಾತ್ರೆ, ಕೊಬ್ಬಿನ ಒಂದು ಮಾತ್ರೆ. ಇವುಗಳಲ್ಲಿ ಯಾವುದೂ ಅಸಾಮಾನ್ಯವಲ್ಲ, ಜೆನೆರಿಕ್ ಹೆಸರಿನಲ್ಲಿ ಒಂದೊಂದಕ್ಕೆ ಕೆಲವೇ ರೂಪಾಯಿ. ಇದಕ್ಕಿಂತ ಸಾಮಾನ್ಯವಾದ ಉಪಾಯವನ್ನು ಪಿಯುಸ್ ಜಗದ್ಗುರುಗಳೂ ಊಹಿಸಿರಲಿಕ್ಕಿಲ್ಲ. ಅವಳು ಅದನ್ನು ಬಿಟ್ಟರೆ ಉಳಿಯುವುದು ತಿಂಗಳಿಗೆ ಕೆಲವು ನೂರು ರೂಪಾಯಿ. ಆ ಉಳಿತಾಯ ಮುಂದೆ ಪಾರ್ಶ್ವವಾಯುವಾಗಿಯೋ ಡಯಾಲಿಸಿಸ್ ಆಗಿಯೋ ಸ್ತಂಭನವಾಗಿಯೋ ಬಂದು, ಅವಳು ಯಾರಿಗಾಗಿ ಉಳಿಸಿದಳೋ ಆ ಮಗಳ ಓದನ್ನೇ ನಿಲ್ಲಿಸುತ್ತದೆ. ತ್ಯಾಗವೆಂದರೆ ಒಬ್ಬರಿಗೆ ಸೇರಬೇಕಾದುದನ್ನು ಇನ್ನೊಬ್ಬರಿಗೆ ಕೊಡುವುದು. ಇಲ್ಲಿ ಅವಳು ಕೊಟ್ಟದ್ದೇನೂ ಮಗಳ ಕೈಗೆ ಸೇರಲಿಲ್ಲ. ಅದಕ್ಕಾಗಿ ಅವಳನ್ನು ಪಾಪಿಯೆಂದು ಕರೆಯಬೇಕೇ? ಖಂಡಿತ ಬೇಡ. ಅವಳ ಲೆಕ್ಕ ತಪ್ಪಿರಬಹುದು, ಆದರೆ ಕೈಯಲ್ಲಿ ಬೇರೆ ಹಣವಿರಲಿಲ್ಲ. ಸಾಮಾನ್ಯ ಉಪಾಯವೇ ಒಬ್ಬ ಬಡವಳಿಗೆ ಅಸಾಮಾನ್ಯವಾಗಿ ಬಿಟ್ಟರೆ ಅದರ ಹೊಣೆ ಅವಳ ಆತ್ಮಸಾಕ್ಷಿಯದ್ದಲ್ಲ, ಅವಳ ಪಕ್ಕದ ಬೆಂಚಿನಲ್ಲಿ ಕೂತು ಪೂಜೆ ಕೇಳುವವರದ್ದು.

ಪಕ್ಕದ ಬೆಂಚಿನವರು ಏನೂ ಮಾಡಿಲ್ಲವೆಂದಲ್ಲ, ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಮಿತಿ ಹಾಕಿದಾಗ, ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟು ಒಮ್ಮೆಲೇ 29,600 ರೂಪಾಯಿಗೆ ಇಳಿಯಿತು. ಆ ಒಂದು ಆದೇಶ ಎಷ್ಟು ಮನೆಗಳ ಒಡವೆಯನ್ನು ಬ್ಯಾಂಕಿನಿಂದ ಉಳಿಸಿತೋ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಹೊರಗೆ ಕೊಂಡರೆ ಹತ್ತಾರು ಸಾವಿರ ಬೀಳುವ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ನಮ್ಮ ಊರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲಪಿಸಿ, ವಾಟ್ಸಾಪಿನಲ್ಲಿ ಬಂದ ಇಸಿಜಿಯನ್ನು ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದನ್ನು ಜಿಲ್ಲೆ ಮಾತ್ರವಲ್ಲ, ಹೊರಗಿನವರೂ ಬಲ್ಲರು.

ಆದರೂ ಒಂದು ಸಂಗತಿ ಗಮನಿಸಿ. ಇವುಗಳಲ್ಲಿ ಹೆಚ್ಚಿನವು ಯಾಯೀರನ ಮಗಳಿಗಾಗಿ. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ಸೇರಿದವರಿಗೆ ಹಣ ಕೊಡುತ್ತದೆ, ತಿಂಗಳ ಮಾತ್ರೆಗೆ ಕೊಡುವುದಿಲ್ಲ. ಎದೆ ಒಡೆದ ದಿನ 5 ಲಕ್ಷ ಸಿದ್ಧವಿದೆ, ಒಡೆಯದಂತೆ ನೋಡಿಕೊಳ್ಳುವ ಮೂರು ಮಾತ್ರೆಗೆ ಕಾರ್ಡಿಲ್ಲ. 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವುದು, 2021-22ರ ಲೆಕ್ಕದಲ್ಲಿ, ನೂರಕ್ಕೆ 39. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ಬಂದು ಒತ್ತಡ, ಸಕ್ಕರೆ ಪರೀಕ್ಷಿಸಿ ಮಾತ್ರೆ ಕೊಡುವ ಪ್ರಯತ್ನ. ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಮಾತ್ರೆಗಳು ಉಚಿತ. ವೆನ್ಲಾಕಿನ ಸಾಲಿನಲ್ಲಿ ನಿಂತರೆ ಮರ್ಯಾದೆ ಕಡಿಮೆಯೆಂದು ಭಾವಿಸುವ ನಮ್ಮ ಮಧ್ಯಮ ವರ್ಗದವರು, ಸಾಲ ಮಾಡಿ ಬ್ರಾಂಡಿನ ಮಾತ್ರೆ ಕೊಳ್ಳುವುದರಲ್ಲಿ ಯಾವ ಮರ್ಯಾದೆ ಕಂಡಿದ್ದಾರೋ ನನಗೆ ಅರ್ಥವಾಗಿಲ್ಲ.

ಒಳ್ಳೆಯ ಸಮಾರಿಯದವನ ಕಥೆಯಲ್ಲಿ ನಾವು ನೆನಪಿಡುವುದು ಗಾಯಕ್ಕೆ ಎಣ್ಣೆ ಹೊಯ್ದದ್ದನ್ನು, ಕತ್ತೆಯ ಮೇಲೆ ಕೂರಿಸಿದ್ದನ್ನು. ಅದು ತುರ್ತು ಚಿಕಿತ್ಸೆ. ಮರುದಿನ ಬೆಳಿಗ್ಗೆ ಅವನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆಂದು ಲೆಕ್ಕ ತೆರೆದಿಟ್ಟು ಹೋದದ್ದನ್ನು ಯಾರೂ ಚಿತ್ರ ಬರೆಯುವುದಿಲ್ಲ. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಕುಳಿತ ಫಾದರ್ ಅಗಸ್ಟಸ್ ಮುಲ್ಲರ್ ಬಂದುಹೋಗುವ ರೋಗಿಗಳಲ್ಲಿಗೇ ನಿಲ್ಲಲಿಲ್ಲ. ಹತ್ತು ವರ್ಷದೊಳಗೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅಂದಿಗೆ ಅದು ಗುಣವಾಗದ, ಸಾಯುವ ತನಕ ಅನ್ನ, ಬಟ್ಟೆ, ಮದ್ದು ಬೇಡುವ ರೋಗ. ಆ ಜರ್ಮನ್ ಯೇಸುಸಭೆಯ ಗುರು ಒಂದು ಮುಗಿಯದ ಲೆಕ್ಕವನ್ನು ತಿಳಿದೇ ತೆರೆದಿದ್ದರು.

ನಮ್ಮ ಧರ್ಮಕೇಂದ್ರಗಳಲ್ಲಿ ಯಾರಾದರೂ ಹಠಾತ್ತಾಗಿ ಆಸ್ಪತ್ರೆ ಸೇರಿದರೆ ವಾಟ್ಸಾಪಿನಲ್ಲಿ ಮನವಿ ಹೋಗಿ ಎರಡೇ ದಿನದಲ್ಲಿ ಲಕ್ಷಗಟ್ಟಲೆ ಸೇರುತ್ತದೆ. ಇದು ಸಣ್ಣ ಮಾತಲ್ಲ, ನಮ್ಮ ಜನರ ಕೈ ದೊಡ್ಡದು. ಆದರೆ ಆರನೇ ತಿಂಗಳಲ್ಲಿ ಅದೇ ಮನೆಗೆ ಮಾತ್ರೆಗೆ ಹಣವಿದೆಯೇ ಎಂದು ಕೇಳುವವರಿಲ್ಲ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಕೇಳುತ್ತಾರೆ, ಅವರ ಪೆಟ್ಟಿಗೆಯಲ್ಲಿ ಇರುವುದು ಕಡಿಮೆ. ರೋಸಿನ ರಾತ್ರಿಯ ಹಂದಿಮಾಂಸ, ಬಾಟಲಿ, ಬ್ಯಾಂಡಿನ ಖರ್ಚನ್ನು ನಾನು ಇಲ್ಲಿ ಎತ್ತುವುದಿಲ್ಲ. ಎತ್ತಿದರೆ ಈ ಪುಟ ಓದುವವರು ಅರ್ಧಕ್ಕರ್ಧ ಕಡಿಮೆಯಾದಾರು. (ಅದೇ ಊಟ ಹೃದಯಕ್ಕೆ ಏನು ಮಾಡುತ್ತದೆ ಎಂಬುದು ಬೇರೆಯೇ ಲೇಖನ.) ಫೆಬ್ರವರಿ 11ರಂದು ರೋಗಿಗಳ ದಿನ ಆಚರಿಸಿ ಅಭ್ಯಂಗ ಸಂಸ್ಕಾರ ಕೊಡುವಾಗ ಬಂದವರ ಹೆಸರು ಹೇಗೂ ಬರೆದುಕೊಳ್ಳುತ್ತೇವೆ. ಅದರ ಪಕ್ಕದಲ್ಲಿ, ಯಾವ ಮಾತ್ರೆ, ಎಲ್ಲಿಂದ ಕೊಳ್ಳುತ್ತಾರೆ, ಯಾವ ತಿಂಗಳು ತಪ್ಪಿತು ಎಂದು ವಾರ್ಡಿನ ಗುರಿಕಾರರು ಬರೆದುಕೊಂಡರೆ ಆ ಪಟ್ಟಿ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತಿದೆ, ಇದು ಸ್ವಲ್ಪ ಕಹಿ. ದೀರ್ಘರೋಗವನ್ನೂ ಹಠಾತ್ ಸಾವನ್ನೂ ನಮ್ಮ ಮನೆಗಳು ಒಂದೇ ರೀತಿ ಮುಚ್ಚಿಡುತ್ತವೆ. ವಿಮೆಯ ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲವೆಂದು ಬರೆಯುತ್ತೇವೆ. ಇದ್ದ ರೋಗಕ್ಕೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು ಮಾತ್ರ. ಅಷ್ಟು ಕಾಯಲಾರದೆ ಹೇಳಿದ ಸುಳ್ಳು, ಹಣ ಬೇಕಾದ ದಿನವೇ ಹೊರಬಿದ್ದು ಮನೆಯವರನ್ನು ಬರಿಗೈಯಲ್ಲಿ ನಿಲ್ಲಿಸುತ್ತದೆ. ಸಂಬಂಧ ನೋಡುವಾಗ, ಹುಡುಗಿಯ ಚಿಕ್ಕಪ್ಪ ಇಪ್ಪತ್ತೆಂಟಕ್ಕೆ ನಿದ್ದೆಯಲ್ಲಿ ಸತ್ತದ್ದನ್ನು "ಜ್ವರ ಬಂದು ಹೋದರು" ಎಂದು ಹೇಳುತ್ತೇವೆ. ಇಂಥ ಸಾವಿನ ಹಿಂದಿರುವ ಎಷ್ಟೋ ರೋಗಗಳು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಲ್ಲಿ ಇಬ್ಬರಿಗೊಬ್ಬರಂತೆ ದಾಟಬಲ್ಲವು. ಮುಚ್ಚಿಟ್ಟದ್ದು ಮದುವೆಯನ್ನು ಉಳಿಸೀತು, ಹುಟ್ಟುವ ಮಗುವಿಗೆ ಎಚ್ಚರಿಕೆ ಕೊಡುವವರು ಇಲ್ಲದಂತಾಗುತ್ತದೆ.

ಹಾಸನದ ತನಿಖೆ ತೊಡಕಿಗೆ ಬಿದ್ದದ್ದೂ ಇಲ್ಲಿಯೇ. ಹಲವು ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ನಡೆದಿರಲಿಲ್ಲ, ಆದ್ದರಿಂದಲೇ ಅರ್ಧದಷ್ಟು ಪ್ರಕರಣಗಳಲ್ಲಿ ಊಹೆಗೆ ನಿಲ್ಲಬೇಕಾಯಿತು. 2025ರ ಜುಲೈಯಲ್ಲಿ ಆರೋಗ್ಯ ಸಚಿವರು, ಆಸ್ಪತ್ರೆಯ ಹೊರಗಿನ ಇಂಥ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆಯೂ ಆಗಬೇಕು ಎಂದು ಪ್ರಕಟಿಸಿದರು. ಅಂಥ ಗಳಿಗೆಯಲ್ಲಿ ತಾಯಿ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ: "ಸತ್ತ ಮೇಲೂ ನನ್ನ ಮಗನ ಎದೆ ಸೀಳಬೇಕೇ, ಫಾದರ್?" ಧರ್ಮೋಪದೇಶದ 2301ನೇ ಪರಿಚ್ಛೇದ ಇದಕ್ಕೆ ಅಡ್ಡಿಯಿಲ್ಲವೆಂದು ಹೇಳುತ್ತದೆ, ಆದರೆ ಆ ತಾಯಿಗೆ ಪರಿಚ್ಛೇದದ ಸಂಖ್ಯೆ ಬೇಕಾಗಿಲ್ಲ. ಅವಳಿಗೆ ಹೇಳಬೇಕಾದುದು, ಪಕ್ಕದ ಕೋಣೆಯಲ್ಲಿ ಅಳುತ್ತಿರುವ ಅವನ ತಂಗಿಯ ಎದೆಯಲ್ಲೂ ಅದೇ ಇರಬಹುದು, ಅದನ್ನು ಹೇಳಬಲ್ಲವನು ಈಗ ಅವನೊಬ್ಬನೇ ಎಂದು. ದೇಹವನ್ನು ಗೌರವದಿಂದ ಹೊಲಿದು ಕೊಡುತ್ತಾರೆ, ಪೆಟ್ಟಿಗೆ ತೆರೆದಿಡಬಹುದು, ಅಂತ್ಯಕ್ರಿಯೆಯ ಪೂಜೆಗೆ ಹೆಚ್ಚು ತಡವಾಗುವುದಿಲ್ಲ.

ವರದಿ ಬಂದ ಮೇಲೆ ಅದನ್ನು ಮರಣಪತ್ರದ ಜೊತೆ ಕಪಾಟಿನಲ್ಲಿಟ್ಟು ಬಿಡಬಾರದು. ಹೃದ್ರೋಗ ತಜ್ಞರಿಗೆ ತೋರಿಸಬೇಕು. ತೀರಿಕೊಂಡವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು, ಇಷ್ಟು ಜನರಿಗೆ ಇಸಿಜಿ ಮತ್ತು ಎಕೋ ಪರೀಕ್ಷೆ ಆಗಬೇಕು. ಬೆಳೆಯುವ ಮಕ್ಕಳಾದರೆ ಒಮ್ಮೆ ಸರಿಯಿದೆಯೆಂದು ಬಂದರೆ ಸಾಲದು, ಸ್ನಾಯು ದಪ್ಪಗಾಗುವುದು ಹದಿಹರೆಯದಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ಮಾಡಿಸಬೇಕು. ದೋಷ ಕಂಡುಬಂದರೂ ಎಷ್ಟೋ ಮಂದಿಗೆ ದಿನಕ್ಕೊಂದು ಮಾತ್ರೆ ಮತ್ತು ಕೆಲವು ಆಟಗಳಿಂದ ದೂರವಿರುವುದು ಸಾಕಾಗುತ್ತದೆ. ಆ ದಿನಕ್ಕೊಂದು ಮಾತ್ರೆಗೆ ಹಣ ಹೊಂದಿಸಲಾಗದ ಮನೆಯಿದ್ದರೆ ವಾರ್ಡಿನ ಗುರಿಕಾರರಿಗೆ ಅದರ ಬಾಗಿಲು ಗೊತ್ತಿರುತ್ತದೆ.